ಹಳೆಯ ಡ್ರೋನ್ ಹಾರಿಸುವ ಮದುವೆ ವಿಡಿಯೊ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೆ,

ಮದುವೆ, ಆರತಕ್ಷತೆ, ಗೃಹಪ್ರವೇಶ, ಊರ ತೇರು, ಕಂಬಳ ಎಂದು ವರ್ಷವಿಡೀ ಕ್ಯಾಮೆರಾ ಹೊತ್ತು ತಿರುಗುವ ನಿಮ್ಮ ಪೈಕಿಯವನೇ ನಾನೂ. ಸುತ್ತಲಿನ ಸ್ಟುಡಿಯೊದವರು ಕೈಕೊಟ್ಟ ಡ್ರೋನ್ ತಂದಾಗ ಬಿಚ್ಚಿ ನೋಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಲಗ್ನದ ಸೀಸನ್ ಶುರುವಾಯಿತೆಂದರೆ ಸಾಕು, ಫೋನಿನಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ಫರ್ಮ್‌ವೇರ್ ಅಪ್‌ಡೇಟ್ ಕೇಳ್ತಾ ಇದೆ. ಕೊಡ್ಲಾ, ಬೇಡ್ವಾ?" ಇನ್ನು ಕೆಲವರದು ಇದರ ಉಲ್ಟಾ: "ಅಪ್‌ಡೇಟ್ ಕೊಟ್ಮೇಲೆ ಯಾಕೋ ಸರಿ ಇಲ್ಲ, ಹಳೇದಕ್ಕೇ ಇಳಿಸಿ ಕೊಡಿ." ಎರಡು ಮಾತಿನಲ್ಲಿ ಹೇಳಿ ಫೋನಿಡುವ ಸಂಗತಿ ಇದಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಪತ್ರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುಹೂರ್ತದ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಬೇಡಿ. ಹಾರಿಸಬಾರದ ಜಾಗದಲ್ಲಿ ಹಾರಿಸುವ ಆಸೆಗೆ ಹಳೆಯ ವರ್ಷನ್‌ಗೆ ಇಳಿಸಬೇಡಿ. ಮಿಕ್ಕದ್ದೆಲ್ಲ ಯೋಚಿಸಿ ತೀರ್ಮಾನಿಸುವ ವಿಷಯ. ಹಾಗೆ ಯೋಚಿಸುವಾಗ ಗಿರಾಕಿ ಕೇಳಿದ ಶಾಟ್‌ಗಿಂತ ಡ್ರೋನಿನ ಕೆಳಗೆ ಕೂತ ಜನರ ತಲೆ ದೊಡ್ಡದು. ಡಿಜೆಐ ಕಂಪನಿಯ ಫ್ಯಾಂಟಮ್ 3 ಪ್ರೊಫೆಷನಲ್ ಡ್ರೋನಿನ ತೂಕ 1,280 ಗ್ರಾಂ. ಫ್ಯಾಂಟಮ್ 4ರದು ಇನ್ನೂ ನೂರು ಗ್ರಾಂ ಹೆಚ್ಚು. ಅಷ್ಟು ಭಾರವನ್ನು ಶಾಮಿಯಾನದ ಮೇಲೆ ಗಾಳಿಯಲ್ಲಿ ಅಲುಗದಂತೆ ನಿಲ್ಲಿಸಿರುವುದು, ಯಾವ ಮೋಟರ್ ಎಷ್ಟು ತಿರುಗಬೇಕೆಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಫರ್ಮ್‌ವೇರ್. ಅದನ್ನು ಫೋನಿನ ಆ್ಯಪ್ ಅಪ್‌ಡೇಟ್ ಮಾಡಿದಷ್ಟು ಸಲೀಸಾಗಿ ಮುಟ್ಟುವುದು ನನಗೆ ಸರಿಯೆನಿಸುವುದಿಲ್ಲ.

ಈ ಮಾತು ಈಗ ಯಾಕೆಂದರೆ, ನಮ್ಮ ಯಂತ್ರಗಳಿಗೆ ವಯಸ್ಸಾಗಿದೆ, ಬದಲಿಸುವ ದಾರಿ ಕಿರಿದಾಗಿದೆ. ಫ್ಯಾಂಟಮ್ 3 ಬಂದದ್ದು 2015ರ ಏಪ್ರಿಲ್‌ನಲ್ಲಿ. ಫ್ಯಾಂಟಮ್ 4 ಮತ್ತು ಅದೇ ಕಂಪನಿಯ ಮೊದಲನೇ ಮಾವಿಕ್ ಪ್ರೊ ಎರಡೂ 2016ರವು. ಮಾರಿ ಹೊಸದು ಕೊಳ್ಳೋಣವೆಂದರೆ, 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನೇ ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಯ ಬಳಕೆಗೆ ಮಾತ್ರ ವಿನಾಯಿತಿ. ಬಿಡಿಭಾಗ ತರಿಸಲು ಅಡ್ಡಿಯಿಲ್ಲ. ಹೀಗಾಗಿ ಇರುವುದನ್ನೇ ಗಿಂಬಲ್ ರಿಬ್ಬನ್ ಬದಲಿಸಿ, ಶೆಲ್ ಬದಲಿಸಿ, ಬ್ಯಾಟರಿ ಹುಡುಕಿ ಓಡಿಸುತ್ತಿದ್ದೇವೆ. ಮುರಿದ ಕಾಲು ಸಿಗುತ್ತದೆ, ಮೋಟರ್ ಸಿಗುತ್ತದೆ. ಕೆಟ್ಟ ಫರ್ಮ್‌ವೇರಿಗೆ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ.

ಫರ್ಮ್‌ವೇರ್ ಎಂದಾಗ ಡ್ರೋನಿನೊಳಗೆ ಒಂದೇ ಒಂದು ಪ್ರೋಗ್ರಾಮ್ ಕೂತಿದೆ ಎಂದುಕೊಂಡವರು ಬಹಳ. ಹಾಗಲ್ಲ. ಹಾರಾಟ ನಿಯಂತ್ರಿಸುವ ಬೋರ್ಡಿಗೆ ಒಂದು, ಮೋಟರಿಗೆ ಕರೆಂಟು ಹಂಚುವ ಇಎಸ್‌ಸಿಗಳಿಗೆ ಒಂದು, ಗಿಂಬಲ್‌ಗೆ, ಕ್ಯಾಮೆರಾಗೆ, ಕೆಳಮುಖದ ಸೆನ್ಸರಿಗೆ, ವಿಡಿಯೊ ಸಿಗ್ನಲ್ ಕಳಿಸುವ ಭಾಗಕ್ಕೆ, ರಿಮೋಟಿಗೆ, ಕೊನೆಗೆ ಬ್ಯಾಟರಿಗೂ ಅದರದೇ ಆದ ಫರ್ಮ್‌ವೇರ್ ಇದೆ. ಅಪ್‌ಡೇಟ್ ಫೈಲು ಎಂದರೆ ಇವೆಲ್ಲವನ್ನೂ ಒಂದೇ ಗಂಟು ಕಟ್ಟಿದ ಮೂಟೆ. ಒಂದು ಭಾಗ ಮೇಲೇರಿ ಇನ್ನೊಂದು ಹಿಂದೆಯೇ ಉಳಿದರೆ ಯಂತ್ರ ಹೊಂದಾಣಿಕೆ ತಪ್ಪುತ್ತದೆ. ಹೆಚ್ಚಾಗಿ ಎಡವುವುದು ಬ್ಯಾಟರಿಯಲ್ಲಿ. ಅಪ್‌ಡೇಟ್ ಮಾಡುವಾಗ ಒಳಗಿದ್ದ ಬ್ಯಾಟರಿ ಮೇಲೇರುತ್ತದೆ, ಬ್ಯಾಗಿನ ಮೂಲೆಯಲ್ಲಿದ್ದ ಎರಡನೆಯದು, ಮೂರನೆಯದು ಹಳೆಯ ವರ್ಷನ್‌ನಲ್ಲೇ ಇರುತ್ತವೆ. ಮರುದಿನ ಮಾಂಗಲ್ಯಧಾರಣೆಗೆ ಸರಿಯಾಗಿ ಮೊದಲ ಬ್ಯಾಟರಿ ಮುಗಿದು, ಎರಡನೆಯದನ್ನು ಹಾಕಿದಾಗ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬ್ಯಾಟರಿ ಫರ್ಮ್‌ವೇರ್ ಹೊಂದುತ್ತಿಲ್ಲವೆಂಬ ಸಂದೇಶ. ವಾಲಗದವರು ಗಟ್ಟಿಮೇಳ ಬಾರಿಸುತ್ತಿರುತ್ತಾರೆ, ನೀವು ರಿಮೋಟ್ ಹಿಡಿದು ಬೆವರುತ್ತಿರುತ್ತೀರಿ.

ಫ್ಯಾಂಟಮ್ 3 ಇಟ್ಟುಕೊಂಡವರಿಗಾಗಿ ಅಪ್‌ಡೇಟ್ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಈ ಯಂತ್ರ ಕಣ್ಣಿಗೂ ಕಿವಿಗೂ ಎಲ್ಲವನ್ನೂ ತಿಳಿಸುತ್ತದೆ, ಗಮನಿಸುವವರು ಬೇಕಷ್ಟೆ. ಪ್ರೊಪೆಲ್ಲರ್‌ಗಳನ್ನು ಬಿಚ್ಚಿಡಬೇಕು. ಗಿಂಬಲ್‌ಗೆ ಹಾಕಿದ ಕ್ಲಾಂಪ್ ತೆಗೆಯಬೇಕು. ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಬೇಕು, ನನ್ನನ್ನು ಕೇಳಿದರೆ ಪೂರ್ತಿಯೇ ಇರಲಿ. ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಅದರಲ್ಲಿ ಯಾವ ಫೋಲ್ಡರಿನೊಳಗೂ ಇಡದೆ ಹೊರಗೇ ಒಂದೇ ಒಂದು ಅಪ್‌ಡೇಟ್ ಫೈಲ್ (ಬಿನ್) ಹಾಕಬೇಕು. ಪ್ರೊಫೆಷನಲ್ ಮಾದರಿಯ ಫೈಲಿನ ಹೆಸರು ಪಿ3ಎಕ್ಸ್ ಎಂದು, ಅಡ್ವಾನ್ಸ್ಡ್ ಮಾದರಿಯದು ಪಿ3ಎಸ್ ಎಂದು, ಸ್ಟ್ಯಾಂಡರ್ಡ್‌ನದು ಪಿ3ಸಿ ಎಂದು ಶುರುವಾಗುತ್ತದೆ. ಯಂತ್ರಗಳು ನೋಡಲು ಅವಳಿಗಳಂತಿದ್ದರೂ ಫೈಲುಗಳು ಬೇರೆ ಬೇರೆ. ಕಾರ್ಡನ್ನು ಕ್ಯಾಮೆರಾಗೆ ಹಾಕಿ ಪವರ್ ಕೊಟ್ಟರೆ ಗಿಂಬಲ್ ಪಟಪಟನೆ ಸಣ್ಣ ಬೀಪ್ ಹೊಡೆಯಲು ಆರಂಭಿಸುತ್ತದೆ, ಕ್ಯಾಮೆರಾದ ದೀಪ ಕೆಂಪು ಹಸಿರು ಎಂದು ಬದಲಾಗುತ್ತ ಮಿನುಗುತ್ತದೆ. ಅದು ಕೆಲಸ ನಡೆಯುತ್ತಿದೆ ಎಂಬ ಸೂಚನೆ. ಬೀಪಿನ ಲಯ ಬದಲಾಗಿ ಹಸಿರು ದೀಪ ನಿಧಾನಕ್ಕೆ ಮಿನುಗಿದರೆ ಗೆದ್ದಿರಿ. ಎಡೆಬಿಡದ ಒಂದೇ ದನಿ, ಆರದ ಕೆಂಪು ದೀಪ ಎಂದರೆ ಎಲ್ಲೋ ಸಿಕ್ಕಿಕೊಂಡಿದೆ.

ಇದಕ್ಕೆ ಅರ್ಧ ಗಂಟೆಯೂ ಹಿಡಿಯಬಹುದು, ಮೇಲೂ ಆಗಬಹುದು. ಅಷ್ಟು ಹೊತ್ತು ಡ್ರೋನ್ ಒಂದೇ ಕಡೆ ಕೂತಿರುತ್ತದೆ, ಹಾರುವಾಗ ಬೀಸುವ ಗಾಳಿ ಅದಕ್ಕಿರುವುದಿಲ್ಲ, ಒಳಗಿನ ಚಿಪ್‌ಗಳು ಬಿಸಿಯಾಗುತ್ತವೆ. ಹಾಸಿಗೆಯ ಮೇಲೆ, ಟವೆಲಿನ ಮೇಲೆ ಇಡಬೇಡಿ. ಗಟ್ಟಿ ಮೇಜಿನ ಮೇಲಿಟ್ಟು ಫ್ಯಾನ್ ಹಾಕಿ. ಮುಗಿದ ಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ. ಡ್ರೋನ್ ಅದರಲ್ಲಿ ಒಂದು ಸಣ್ಣ ಟೆಕ್ಸ್ಟ್ ಫೈಲ್ ಬರೆದಿಟ್ಟಿರುತ್ತದೆ. ಯಾವ ಫೈಲಿನಿಂದ ಅಪ್‌ಡೇಟ್ ನಡೆಯಿತು, ಫಲಿತಾಂಶವೇನು ಎಂದು ಅದರಲ್ಲಿ ಇರುತ್ತದೆ. ರಿಪೇರಿಗೆ ಬಂದವರನ್ನು ನಾನು ಮೊದಲು ಕೇಳುವುದೇ ಆ ಫೈಲ್. ಬಹುತೇಕರು ಆಗಲೇ ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡು ಬಂದಿರುತ್ತಾರೆ. ದಯವಿಟ್ಟು ಅದನ್ನು ಉಳಿಸಿ. ಎಲ್ಲಿ ತಪ್ಪಿತು ಎಂಬುದಕ್ಕೆ ಅದೊಂದೇ ಸಾಕ್ಷಿ.

ಮಾವಿಕ್ ಪ್ರೊ, ಫ್ಯಾಂಟಮ್ 4 ಇದ್ದವರು ಆ್ಯಪ್ ಮೂಲಕವೂ ಮಾಡಬಹುದು, ಯುಎಸ್‌ಬಿ ಹಾಕಿ ಕಂಪ್ಯೂಟರಿನಿಂದಲೂ ಮಾಡಬಹುದು. ಕಂಪ್ಯೂಟರಿನ ದಾರಿಯೇ ವಾಸಿ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬೇಡ, ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್ ಇರಲಿ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಳ್ಳುವುದಾದರೆ ಸಿಗ್ನಲ್ ಚೆನ್ನಾಗಿರುವ ಹೊತ್ತು ನೋಡಿ ಕೂರಿ. ನಡುವೆ ತಂತಿ ಕೀಳುವುದು, ಪವರ್ ಆರಿಸುವುದು, ಯಾರೋ ಬಂದು ಡ್ರೋನ್ ಎತ್ತಿ ನೋಡುವುದು ಇವಕ್ಕೆಲ್ಲ ಆಸ್ಪದ ಕೊಡದ ಜಾಗವಾಗಬೇಕು.

ಇಷ್ಟಾಗಿಯೂ ಅರ್ಧ ಕೆಲಸ ಉಳಿದಿರುತ್ತದೆ. ಜನ ಮರೆಯುವುದು ಇದನ್ನೇ. ಅಪ್‌ಡೇಟ್ ಆದಾಗ, ಕೆಳಗಿಳಿಸಿದಾಗಲೂ, ನೀವು ಹಾಕಿಟ್ಟ ಸೆಟ್ಟಿಂಗ್‌ಗಳು ಅಳಿಸಿ ಕಂಪನಿಯ ಮೂಲ ಸೆಟ್ಟಿಂಗ್ ಬಂದು ಕೂರಬಹುದು. ಅವುಗಳಲ್ಲಿ ಒಂದಂತೂ ಅಪಾಯದ್ದು. ಸಿಗ್ನಲ್ ತಪ್ಪಿದಾಗ ಡ್ರೋನ್ ತಾನೇ ಮನೆಗೆ ಮರಳಲು ಯಾವ ಎತ್ತರಕ್ಕೆ ಏರಬೇಕೆಂಬ ಅಳತೆ ಅದು. ಫ್ಯಾಂಟಮ್ 3ರಲ್ಲಿ ಮೂಲ ಅಳತೆ 30 ಮೀಟರ್. ತೆಂಗಿನ ತೋಟ ದಾಟಲು ಅದು ಸಾಕಾದೀತು. ಊರ ನಡುವಿನ ಮೊಬೈಲ್ ಟವರು, ಹೈಟೆನ್ಷನ್ ಕಂಬ, ಬೆಂಗಳೂರಿನ ಅಪಾರ್ಟ್‌ಮೆಂಟ್ ಮೂವತ್ತಕ್ಕಿಂತ ಎತ್ತರ ಇರುತ್ತವೆ. ನೀವು ಹಿಂದೆ 60 ಇಟ್ಟಿದ್ದಿರಿ, ಈಗ ಅದು ಸದ್ದಿಲ್ಲದೆ 30 ಆಗಿದೆ. ದಿಬ್ಬಣವನ್ನು ಹಿಂಬಾಲಿಸುತ್ತ ಡ್ರೋನ್ ಕಟ್ಟಡದ ಮರೆಗೆ ಹೋಗಿ ಸಿಗ್ನಲ್ ಕಡಿದರೆ, ಅದು 30 ಮೀಟರಿಗೆ ಏರಿ ನಿಮ್ಮತ್ತ ನೇರ ಗೆರೆ ಎಳೆದಂತೆ ಬರುತ್ತದೆ. ಫ್ಯಾಂಟಮ್ 3ಕ್ಕೆ ಎದುರಿನ ಅಡ್ಡಿ ಕಾಣುವ ಕಣ್ಣಿಲ್ಲ. ಅಪ್‌ಡೇಟಿಗೆ ಮೊದಲು ಸೆಟ್ಟಿಂಗಿನ ಪುಟಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಒಂದೊಂದಾಗಿ ಹೋಲಿಸಿ ಸರಿಪಡಿಸಿ ಎಂದು ನಾನು ಪೀಡಿಸುವುದು ಇದಕ್ಕೇ.

ಆ ನಂತರ ಯಂತ್ರದ ಓಲಾಟ ಅಳೆಯುವ ಐಎಂಯು ಮತ್ತು ದಿಕ್ಸೂಚಿ. ಐಎಂಯು ಕ್ಯಾಲಿಬ್ರೇಷನ್‌ಗೆ ಸಮತಟ್ಟಾದ ಜಾಗ, ತಣ್ಣಗಿನ ಯಂತ್ರ ಬೇಕು. ದಿಕ್ಸೂಚಿ ಸರಿಪಡಿಸಲು ಬಯಲು ಬೇಕು. ಛತ್ರದ ತಾರಸಿಯ ಮೇಲೆ ನಿಂತು ಮಾಡಬೇಡಿ, ಕಾಂಕ್ರೀಟಿನೊಳಗೆ ಕಬ್ಬಿಣ ತುಂಬಿರುತ್ತದೆ. ಡಿಜೆ ಬಾಕ್ಸುಗಳ ಹತ್ತಿರ ಬೇಡವೇ ಬೇಡ, ಒಂದೊಂದು ಸ್ಪೀಕರಿನೊಳಗೂ ದೊಡ್ಡ ಅಯಸ್ಕಾಂತವಿದೆ. ಕೊನೆಗೆ ಜನರಿಲ್ಲದ ಮೈದಾನಕ್ಕೆ ಹೋಗಿ, ಆಳೆತ್ತರದಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಲ್ಲಿಸಿ, ಪಕ್ಕಕ್ಕೆ ಜಾರುತ್ತದೆಯೇ ನೋಡಿ, ಮನೆಗೆ ಮರಳುವ ಬಟನ್ ಒತ್ತಿ ಪರೀಕ್ಷಿಸಿ. ಇರುವ ಬ್ಯಾಟರಿಗಳಲ್ಲೆಲ್ಲ ಹೀಗೆ ಒಂದೊಂದು ಸುತ್ತು ಹಾರಿಸಿದ ಮೇಲಷ್ಟೇ ಆ ಡ್ರೋನ್ ಜನರ ನಡುವೆ ಹೋಗಲು ಯೋಗ್ಯ. ಒಂದು ಇಡೀ ಮಧ್ಯಾಹ್ನ ಹಿಡಿಯುವ ಕೆಲಸ ಇದು. ಮುಹೂರ್ತದ ಹಿಂದಿನ ರಾತ್ರಿ ಬೇಡವೆಂದದ್ದು ಈ ಲೆಕ್ಕದಿಂದ.

ಹಾಗಾದರೆ ಅಪ್‌ಡೇಟೇ ಬೇಡ, ಓಡುವುದು ಓಡಲಿ ಎನ್ನುತ್ತೀರಾ? ಅದನ್ನೂ ನಾನು ಒಪ್ಪುವುದಿಲ್ಲ. 2015ರ ಸೆಪ್ಟೆಂಬರಿನಲ್ಲಿ ಫ್ಯಾಂಟಮ್ 3ಕ್ಕೆ ಬಂದ ಫರ್ಮ್‌ವೇರ್ ನೆನಪಿಸಿಕೊಳ್ಳಿ. ಗುರುತಿಟ್ಟ ಬಿಂದುಗಳ ಮೇಲೆ ತಾನೇ ಹಾರುವುದು, ಒಂದು ಜಾಗವನ್ನು ನಡುವಿಟ್ಟು ಸುತ್ತು ಹೊಡೆಯುವುದು, ರಿಮೋಟ್ ಹಿಡಿದವನ ಹಿಂದೆ ಬರುವುದು, ಇವೆಲ್ಲ ಕೊಂಡಾಗ ಇರಲಿಲ್ಲ. ಗೋಪುರದ ಸುತ್ತ ಒಂದು ನಿಧಾನ ಸುತ್ತು ಎಂದು ನಾವು ಗಿರಾಕಿಗೆ ತೋರಿಸಿ ಮೆಚ್ಚುಗೆ ಪಡೆದ ಶಾಟ್ ಬಂದದ್ದು ಆ ಅಪ್‌ಡೇಟಿನಿಂದ, ಕಾಸು ಕೊಡದೆ. ಇನ್ನು ಕೆಲವು ಅಪ್‌ಡೇಟುಗಳು ಪ್ರಾಣಕ್ಕೆ ಸಂಬಂಧಿಸಿದವು. 2017ರಲ್ಲಿ ಡಿಜೆಐ ಕಂಪನಿಯ ಸ್ಪಾರ್ಕ್ ಡ್ರೋನ್‌ಗಳಲ್ಲಿ ಕೆಲವು ಹಾರುತ್ತಿರುವಾಗಲೇ ಪವರ್ ಹೋಗಿ ಬಿದ್ದವೆಂದು ದೂರು ಬಂದಾಗ, ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟು, ಸೆಪ್ಟೆಂಬರ್ 1ರೊಳಗೆ ಹಾಕಿಕೊಳ್ಳದಿದ್ದರೆ ಡ್ರೋನ್ ಮೇಲೇಳದಂತೆ ಮಾಡಿತು. 2018ರ ಅಕ್ಟೋಬರ್‌ನಲ್ಲಿ ಅದೇ ಕಂಪನಿಯ ಮ್ಯಾಟ್ರಿಸ್ 200 ಸರಣಿಯ ಡ್ರೋನ್‌ಗಳ ಬ್ಯಾಟರಿಗಳು ಹಾರಾಟದ ನಡುವೆ ಕೈಕೊಟ್ಟಾಗ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವೇ ಎಚ್ಚರಿಕೆ ಹೊರಡಿಸಬೇಕಾಯಿತು, ಪರಿಹಾರ ಬಂದದ್ದು ಫರ್ಮ್‌ವೇರ್ ರೂಪದಲ್ಲಿ. ಇಂಥವನ್ನು ಹಾಕಿಕೊಳ್ಳದೆ ಜನರ ಮೇಲೆ ಹಾರಿಸುವುದು ಅಪರಾಧವೆಂದೇ ನಾನು ಎಣಿಸುತ್ತೇನೆ.

ತಯಾರಿಸಿದವರು ಕೈಬಿಟ್ಟ ಯಂತ್ರಕ್ಕೂ ಫರ್ಮ್‌ವೇರೇ ಜೀವ ಕೊಟ್ಟ ಉದಾಹರಣೆಯಿದೆ. ಗೋಪ್ರೊ ಕಂಪನಿ ತನ್ನ ಕರ್ಮ ಡ್ರೋನನ್ನು 2018ರ ಜನವರಿಯಲ್ಲೇ ನಿಲ್ಲಿಸಿತ್ತು. 2020ರ ಹೊಸ ವರ್ಷಕ್ಕೆ ಎಲ್ಲೆಡೆಯ ಕರ್ಮ ಡ್ರೋನ್‌ಗಳು ಜಿಪಿಎಸ್ ಹಿಡಿಯಲಾರದೆ ಒಟ್ಟಿಗೇ ನೆಲಕಚ್ಚಿದವು. ಯಾರೂ ಬೀಳಿಸಿರಲಿಲ್ಲ, ಒದ್ದೆ ಮಾಡಿರಲಿಲ್ಲ. ಎರಡು ವರ್ಷದ ಹಿಂದೆ ಕೈತೊಳೆದುಕೊಂಡ ಡ್ರೋನಿಗೆ ಕಂಪನಿ ಮತ್ತೆ ಕೂತು ಅಪ್‌ಡೇಟ್ ಬರೆದುಕೊಟ್ಟ ಮೇಲೆ ಅವು ಎದ್ದವು. ಡ್ರೋನಿಗೆ ಮೈ ಗಟ್ಟಿಯಿದ್ದರೂ ಒಳಗಿನ ಕಾಲದ ಲೆಕ್ಕ, ಭೂಕಾಂತದ ನಕ್ಷೆ ಹಳತಾಗುತ್ತವೆ. ಜಿಪಿಎಸ್‌ನ ವಾರದ ಎಣಿಕೆ 1,024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಕಳೆದ ಬಾರಿ ಅದು ನಡೆದದ್ದು 2019ರ ಏಪ್ರಿಲ್‌ನಲ್ಲಿ. ಭೂಕಾಂತದ ಜಾಗತಿಕ ಮಾದರಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಮಾಡುತ್ತಾರೆ. ಹಳೆಯ ಫರ್ಮ್‌ವೇರಿಗೆ ಇಳಿಸಲು ಹೊರಟವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಇನ್ನೊಂದು ಕಡೆ ನೋಡಿ, ಅಮೆರಿಕದ 3ಡಿಆರ್ ಕಂಪನಿ 2015ರಲ್ಲಿ ಬಿಟ್ಟ ಸೋಲೊ ಡ್ರೋನ್ ಮರುವರ್ಷವೇ ತಯಾರಿ ನಿಂತಿತು. ಆದರೆ ಅದರ ಒಳಗಿದ್ದದ್ದು ಮುಕ್ತ ತಂತ್ರಾಂಶವಾದ ಆರ್ಡುಪೈಲಟ್. ಹಾಗಾಗಿ ಬಳಕೆದಾರರೇ ಓಪನ್ ಸೋಲೊ ಎಂಬ ಹೊಸ ಫರ್ಮ್‌ವೇರ್ ಕಟ್ಟಿಕೊಂಡು ಹಾರಿಸುತ್ತ ಬಂದರು. ನಮ್ಮ ಬ್ಯಾಗಿನಲ್ಲಿರುವ ಡ್ರೋನ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ಬೀಗದ ಕೈ ಕಂಪನಿಯ ಹತ್ತಿರವೇ ಇದೆ.

ಆ ಬೀಗದ ಕೈಯನ್ನು ಕಂಪನಿ ತನಗೆ ಬೇಕಾದಂತೆ ತಿರುಗಿಸುತ್ತದೆ ಎಂಬ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅದರಲ್ಲಿ ನ್ಯಾಯವಿದೆ. 2017ರ ಮೇ ತಿಂಗಳಲ್ಲಿ ಡಿಜೆಐ ಹೊಸ ಪದ್ಧತಿ ತಂದಿತು. ಅಪ್‌ಡೇಟ್ ಆದ ಮೇಲೆ ಲಾಗಿನ್ ಆಗಿ ಸಕ್ರಿಯಗೊಳಿಸದ ಡ್ರೋನ್ 50 ಮೀಟರ್ ದೂರ, 30 ಮೀಟರ್ ಎತ್ತರ ದಾಟುವುದಿಲ್ಲ, ಕ್ಯಾಮೆರಾದ ನೇರ ಚಿತ್ರವೂ ಬರುವುದಿಲ್ಲ. ಅದೇ ವರ್ಷ ಕೆಲವರು ಹಾರಾಟದ ಮಿತಿಗಳನ್ನು ಮುರಿಯುವ ದಾರಿ ಕಂಡುಕೊಂಡಾಗ ಕಂಪನಿ ಆ ದಾರಿ ಮುಚ್ಚುವ ಫರ್ಮ್‌ವೇರ್ ಬಿಟ್ಟು, ಹಳೆಯ ವರ್ಷನ್‌ಗಳನ್ನು ತನ್ನ ಸರ್ವರಿನಿಂದ ತೆಗೆದುಹಾಕಿತು. ಮಿತಿ ಮುರಿಯಹೊರಟವರು ಕೆಲವೇ ಮಂದಿ. ತೊಂದರೆಗೆ ಸಿಕ್ಕಿದ್ದು, ಹೊಸ ಫರ್ಮ್‌ವೇರಿನಲ್ಲಿ ವಿಡಿಯೊ ತಡವರಿಸುತ್ತದೆ, ಹಿಂದಿನದೇ ವಾಸಿಯಿತ್ತು ಎನ್ನುವ ನಮ್ಮಂಥ ದುಡಿಯುವವರು. ಕಾಸು ಕೊಟ್ಟು ಕೊಂಡ ಯಂತ್ರದಲ್ಲಿ ನಿನ್ನೆಯವರೆಗೆ ಚೆನ್ನಾಗಿ ಓಡಿದ ಫರ್ಮ್‌ವೇರನ್ನು ಇಟ್ಟುಕೊಳ್ಳುವ ಹಕ್ಕು ಕೊಂಡವನಿಗೆ ಇರಬೇಕು ಎಂಬುದು ನನ್ನ ನಿಲುವು.

ಆದ್ದರಿಂದಲೇ ಕೆಳಗಿಳಿಸುವುದು ತಪ್ಪಲ್ಲ ಎನ್ನುತ್ತೇನೆ. ಅದಕ್ಕೆ ತಕ್ಕ ಕಾರಣ ಬೇಕು. ಅಪ್‌ಡೇಟ್ ಆದ ಮೇಲೆ ಗಿಂಬಲ್ ನಡುಗುತ್ತಿದೆ, ನಿಮ್ಮ ಹಳೆಯ ಟ್ಯಾಬ್ಲೆಟ್ಟಿನ ಆ್ಯಪ್ ಹೊಸ ಫರ್ಮ್‌ವೇರಿನ ಜೊತೆ ಮಾತಾಡುತ್ತಿಲ್ಲ, ಬ್ಯಾಟರಿಯೊಂದು ಹೊಂದಾಣಿಕೆ ತಪ್ಪಿ ಕೂತಿದೆ, ಇವು ಕಾರಣಗಳು. ಅದಕ್ಕೂ ಮೊದಲು ಅಪ್‌ಡೇಟ್ ಪೂರ್ತಿ ಆಗಿದೆಯೇ, ಕ್ಯಾಲಿಬ್ರೇಷನ್ ಸರಿಯಾಗಿದೆಯೇ ನೋಡಿ. ಹಳೆಯದಕ್ಕೆ ಇಳಿಸಿ ಎಂದು ತಂದ ಯಂತ್ರಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಅರ್ಧಕ್ಕೆ ನಿಂತ ಅಪ್‌ಡೇಟ್ ಇಲ್ಲವೇ ತಪ್ಪು ಜಾಗದಲ್ಲಿ ಮಾಡಿದ ದಿಕ್ಸೂಚಿ. ಅದೇ ಅಪ್‌ಡೇಟನ್ನು ಮತ್ತೊಮ್ಮೆ ಪೂರ್ತಿಯಾಗಿ ಹಾಕಿದರೆ ಸರಿಹೋಗುವ ಕೇಸು. ಇಳಿಸಲೇಬೇಕೆಂದರೆ ಕಂಪನಿಯ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಹಿಂದಿನ ವರ್ಷನ್ ತೋರಿಸುತ್ತಿದೆಯೇ ನೋಡಿ. ತೋರಿಸಿದರೆ ಆ ದಾರಿಯಲ್ಲೇ ಹೋಗಿ. ಕೆಲವು ವರ್ಷನ್‌ಗಳಲ್ಲಿ ಹಿಂದಕ್ಕೆ ಹೋಗದಂತೆ ತಡೆ ಹಾಕಿರುತ್ತಾರೆ. ಆ ತಡೆಯನ್ನು ಬಲವಂತದಿಂದ ಮುರಿಯಹೋದರೆ ಬೋರ್ಡ್ ಸತ್ತು ಇಟ್ಟಿಗೆಯಾಗುವ ಸಾಧ್ಯತೆಯೇ ಹೆಚ್ಚು. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ, ಹೆಸರು ಬದಲಿಸಿದ ಫೈಲನ್ನು ಹಾಕಬೇಡಿ. ಅದರೊಳಗೆ ಯಾರು ಏನು ತಿದ್ದಿದ್ದಾರೆಂದು ನಿಮಗೂ ಗೊತ್ತಿಲ್ಲ, ಕಳಿಸಿದವನಿಗೂ ಗೊತ್ತಿಲ್ಲ.

ಈಗ ಮೊದಲೇ ಹೇಳಿದ, ಹಾರಿಸಬಾರದ ಜಾಗದ ಕಾರಣಕ್ಕೆ ಬರುತ್ತೇನೆ. "ಯಲಹಂಕದ ಹತ್ರ ರೆಸಾರ್ಟ್‌ನಲ್ಲಿ ಪ್ರೀ-ವೆಡ್ಡಿಂಗ್ ಇದೆ ಅಣ್ಣಾ, ಡ್ರೋನ್ ಮೇಲೇಳ್ತಿಲ್ಲ, ಹಳೇ ಫರ್ಮ್‌ವೇರ್ ಹಾಕಿದ್ರೆ ಏಳುತ್ತಂತೆ." ಈ ಕೆಲಸ ನಾನು ಮಾಡಿಕೊಡುವುದಿಲ್ಲ. ನೀವೂ ಮಾಡಬೇಡಿ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. ಪಕ್ಕದ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುವವರ ಸಣ್ಣ ವಿಮಾನಗಳು ಹಾರಿ ಇಳಿಯುತ್ತವೆ. ಇತ್ತ ದೇವನಹಳ್ಳಿ ವಿಮಾನ ನಿಲ್ದಾಣ, ಅತ್ತ ಎಚ್ಎಎಲ್ ನಿಲ್ದಾಣ. ಇಂಥ ಜಾಗಗಳಲ್ಲಿ ಮೇಲೇಳದಂತೆ ಡ್ರೋನಿನೊಳಗೆ ತಡೆ ಬಂದ ಇತಿಹಾಸವನ್ನೂ ನೆನೆಯಿರಿ. 2015ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನದ ಹುಲ್ಲುಹಾಸಿನ ಮೇಲೆ ಒಂದು ಫ್ಯಾಂಟಮ್ ಬಿತ್ತು. ಅದಾದ ಕೆಲವೇ ದಿನಗಳಲ್ಲಿ ಕಂಪನಿ ವಾಷಿಂಗ್ಟನ್ ನಗರದ ಸುತ್ತ 25 ಕಿಲೋಮೀಟರ್ ನಿಷೇಧ ಹಾಕುವ ಫರ್ಮ್‌ವೇರ್ ಘೋಷಿಸಿತು. ಅದೇ ಕಂಪನಿ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಆ ಬಗೆಯ ತಡೆಗಳನ್ನು ತೆಗೆದು ಬರೀ ಎಚ್ಚರಿಕೆಯ ಸಂದೇಶಕ್ಕೆ ಇಳಿಸಿತು. ಡ್ರೋನ್ ತಡೆಯಲಿ ಬಿಡಲಿ, ಹೊಣೆ ರಿಮೋಟ್ ಹಿಡಿದವನದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ನಮ್ಮ ದೇಶದಲ್ಲಂತೂ 2021ರ ಆಗಸ್ಟ್ 25ರಿಂದ ಡ್ರೋನ್ ನಿಯಮಗಳೇ ಇವೆ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ನಡುವಿನ ಪ್ರದೇಶದಲ್ಲಿ ಆ ಮಿತಿ 200 ಅಡಿ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ನಕ್ಷೆ ಡಿಜಿಟಲ್ ಸ್ಕೈ ಪೋರ್ಟಲ್‌ನಲ್ಲಿದೆ. 250 ಗ್ರಾಮಿಗಿಂತ ಭಾರದ, ಎರಡು ಕಿಲೋ ಒಳಗಿನ ನಮ್ಮ ಯಂತ್ರಗಳು ಮೈಕ್ರೊ ವರ್ಗದವು. ದುಡಿಮೆಗೆ ಹಾರಿಸುವ ನಮಗೆ ಯಂತ್ರದ ಗುರುತಿನ ಸಂಖ್ಯೆಯೂ ಬೇಕು, ಪೈಲಟ್ ಸರ್ಟಿಫಿಕೇಟೂ ಬೇಕು. ಹಳೆಯ ಫರ್ಮ್‌ವೇರ್ ಇವಾವುದರಿಂದಲೂ ನಿಮ್ಮನ್ನು ಬಿಡಿಸುವುದಿಲ್ಲ. ಡ್ರೋನಿನೊಳಗಿನ ನಕ್ಷೆಯನ್ನೇ ನಂಬಿ ಕೂರುವಂತೆಯೂ ಇಲ್ಲ. 2017ರ ವರ್ಷನ್‌ಗೆ ಇಳಿಸಿದ ಯಂತ್ರದ ನಕ್ಷೆಗೆ 2019ರಲ್ಲಿ ಶುರುವಾದ ಕಲಬುರಗಿ ವಿಮಾನ ನಿಲ್ದಾಣವಾಗಲಿ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆ ನಿಲ್ದಾಣವಾಗಲಿ ಗೊತ್ತಿರಲು ಹೇಗೆ ಸಾಧ್ಯ? ಅಲ್ಲಿ ಡ್ರೋನ್ ತಕರಾರಿಲ್ಲದೆ ಮೇಲೇಳುತ್ತದೆ. ಮೇಲೆದ್ದಿತೆಂದು ಅನುಮತಿ ಇದೆಯೆಂದಲ್ಲ.

ಒಂದು ಸಂಗತಿ ಎಲ್ಲರೂ ಗಮನದಲ್ಲಿಟ್ಟುಕೊಳ್ಳಬೇಕು. ಅನುಮತಿಯಿಲ್ಲದೆ ಮೇಲೇಳದ ವ್ಯವಸ್ಥೆ, ಡ್ರೋನ್ ಎಲ್ಲಿದೆಯೆಂದು ಆ ಕ್ಷಣಕ್ಕೇ ತಿಳಿಸುವ ಸಾಧನ, ಗಡಿ ದಾಟದ ಕಟ್ಟು, ಇವನ್ನೆಲ್ಲ ಮುಂದೆ ಕಡ್ಡಾಯ ಮಾಡುವ ಅಧಿಕಾರವನ್ನು ಸರ್ಕಾರ ಆ ನಿಯಮಗಳಲ್ಲಿ ಇಟ್ಟುಕೊಂಡಿದೆ, ಕನಿಷ್ಠ ಆರು ತಿಂಗಳ ಕಾಲಾವಕಾಶ ಕೊಟ್ಟು. ಇವು ಬರಬೇಕಾದದ್ದು ಬಹಳಮಟ್ಟಿಗೆ ಫರ್ಮ್‌ವೇರ್ ಮೂಲಕವೇ. ತಯಾರಕರು ಕೈಬಿಟ್ಟ 2015ರ ಯಂತ್ರಕ್ಕೆ ಅದನ್ನು ಯಾರು ಬರೆದುಕೊಡುತ್ತಾರೆ? ನಮ್ಮ ಸಂಘಗಳು ಆ ದಿನ ಬರುವ ಮೊದಲೇ ಈ ಪ್ರಶ್ನೆಯನ್ನು ಕೇಳಬೇಕಾದವರ ಮುಂದೆ ಇಡಬೇಕು.

ಡ್ರೋನಿನ ಆ್ಯಪ್ ಓಡಿಸುವ ಫೋನಿನ ವಿಷಯವೂ ಚುಟುಕಾಗಿ. ಹಳೆಯ ಡ್ರೋನಿನ ಜೊತೆ ಹಳೆಯ ಟ್ಯಾಬ್ಲೆಟ್ ಒಂದನ್ನು ಮೀಸಲಿಡಿ. ಅದರಲ್ಲಿ ಸಿಮ್ ಬೇಡ, ಆ್ಯಪ್‌ಗಳ ಆಟೊ ಅಪ್‌ಡೇಟ್ ಬಂದ್ ಇರಲಿ. ಫರ್ಮ್‌ವೇರ್ ಮತ್ತು ಆ್ಯಪ್ ಜೋಡಿಯಾಗಿ ಕೆಲಸ ಮಾಡುವಂಥವು, ಒಂದು ಮಾತ್ರ ಮುಂದೆ ಓಡಿದರೆ ವಿಡಿಯೊ ಕಪ್ಪಾಗುತ್ತದೆ, ಆ್ಯಪ್ ಮುಚ್ಚಿಕೊಳ್ಳುತ್ತದೆ. ಹೊಸ ಫೋನ್ ಕೊಂಡ ವಾರವೇ ಡ್ರೋನ್ ಕೆಟ್ಟಿತು ಎಂದು ಬರುವವರ ಡ್ರೋನಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ.

ಬ್ಯಾಟರಿಯ ವಯಸ್ಸನ್ನು ಯಾವ ಫರ್ಮ್‌ವೇರೂ ಕಡಿಮೆ ಮಾಡುವುದಿಲ್ಲ. ಮಾವಿಕ್ ಪ್ರೊ ಬ್ಯಾಟರಿಯ 3,830 ಎಂಎಎಚ್ ಎಂಬುದು ಹೊಸದಿದ್ದಾಗಿನ ಲೆಕ್ಕ. ಪರದೆಯಲ್ಲಿ 40 ಪ್ರತಿಶತ ತೋರಿಸುತ್ತಿದ್ದದ್ದು ಒಮ್ಮೆಲೇ 15ಕ್ಕೆ ಕುಸಿದರೆ ಅಪ್‌ಡೇಟ್ ಹುಡುಕಬೇಡಿ, ಸೆಲ್‌ಗಳ ವೋಲ್ಟೇಜ್ ಒಂದೊಂದಾಗಿ ನೋಡಿ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಹಾರಿಸುವುದಿರಲಿ, ಮನೆಯೊಳಗೆ ಇಟ್ಟುಕೊಳ್ಳಲೂಬೇಡಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಬೇಡಿಕೆ. ಪ್ರತಿ ತಾಲ್ಲೂಕಿನಲ್ಲೂ ಛಾಯಾಗ್ರಾಹಕರ ಸಂಘಗಳಿವೆ. ವರ್ಷಕ್ಕೊಮ್ಮೆ ಸಭೆ ಸೇರುತ್ತೀರಿ, ಸನ್ಮಾನ ಮಾಡುತ್ತೀರಿ, ಹೊಸ ಲೆನ್ಸ್ ನೋಡುತ್ತೀರಿ. ಈ ವರ್ಷ ಅದರ ಜೊತೆಗೆ ಒಂದು ಹಾರ್ಡ್ ಡಿಸ್ಕ್ ಇಡಿ. ಸದಸ್ಯರ ಡ್ರೋನ್ ಯಾವ ಮಾದರಿಯದು, ಯಾವ ವರ್ಷನ್‌ನಲ್ಲಿ ಸರಿಯಾಗಿ ಓಡುತ್ತಿದೆ, ಜೊತೆಗೆ ಯಾವ ಆ್ಯಪ್ ವರ್ಷನ್ ಇದೆ ಎಂದು ಬರೆದಿಡಿ. ಕಂಪನಿ ಕೊಡುತ್ತಿರುವಾಗಲೇ ಇಳಿಸಿಕೊಂಡ ಮೂಲ ಫೈಲುಗಳನ್ನು ಹೆಸರು ಬದಲಿಸದೆ ಕೂಡಿಡಿ. ಅಪ್‌ಡೇಟ್ ಬಂದಾಗ ಎಲ್ಲರೂ ಒಟ್ಟಿಗೆ ನುಗ್ಗದೆ, ಆ ತಿಂಗಳು ಕೆಲಸ ಕಡಿಮೆಯಿರುವ ಒಬ್ಬರು ಹಾಕಿ, ಮೈದಾನದಲ್ಲಿ ಹಾರಿಸಿ ನೋಡಿ ಮಿಕ್ಕವರಿಗೆ ತಿಳಿಸಲಿ. ಆಷಾಢದಲ್ಲಿ ಲಗ್ನಗಳಿರುವುದಿಲ್ಲ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮಾದರಿಯೊಂದಕ್ಕೆ ಬೆಂಬಲ ನಿಲ್ಲಿಸುವ ಕಂಪನಿ ಅದರ ಎಲ್ಲ ಹಳೆಯ ಫರ್ಮ್‌ವೇರ್‌ಗಳನ್ನೂ ಕೊಂಡವರಿಗೆ ಸಿಗುವಂತೆ ಇಡಬೇಕು ಎಂದು ಸಂಘದ ಲೆಟರ್‌ಹೆಡ್‌ನಲ್ಲೇ ಬರೆದು ಕೇಳಿ. ಒಬ್ಬೊಬ್ಬರೇ ಕೇಳಿದರೆ ಗ್ರಾಹಕ ಸೇವೆಯವರ ಸಿದ್ಧ ಉತ್ತರ ಬರುತ್ತದೆ, ಸಂಘಗಳು ಸೇರಿ ಕೇಳಿದರೆ ಯೋಚಿಸಿ ಉತ್ತರಿಸಬೇಕಾಗುತ್ತದೆ.

ಅಷ್ಟರೊಳಗೆ, ಇವತ್ತೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ನಿಮ್ಮ ಬ್ಯಾಗ್ ತೆಗೆದು, ಒಂದೊಂದೇ ಬ್ಯಾಟರಿಯನ್ನು ಡ್ರೋನಿಗೆ ಹಾಕಿ ಅದರ ಫರ್ಮ್‌ವೇರ್ ವರ್ಷನ್ ಏನೆಂದು ನೋಡಿ, ಬಿಳಿ ಟೇಪಿನ ಮೇಲೆ ಬರೆದು ಅಂಟಿಸಿ. ಡ್ರೋನಿಗೊಂದು, ರಿಮೋಟಿಗೊಂದು. ಎಲ್ಲದರಲ್ಲೂ ಹೊಂದುವ ವರ್ಷನ್ ಇದ್ದರೆ ಈ ಸೀಸನ್ ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ. ಸುರಕ್ಷತೆಗಾಗಿ ಕಂಪನಿ ಕಡ್ಡಾಯವೆಂದ ಅಪ್‌ಡೇಟ್ ಬಂದರೆ ಮಾತ್ರ ಒಂದು ಬುಕಿಂಗ್ ಬಿಟ್ಟಾದರೂ ಕೂತು ಪೂರ್ತಿ ಮಾಡಿ.

ಇಂತಿ,
ನಿಮ್ಮ ವೃತ್ತಿಬಂಧು